ಪದವಿನ (ಕಲ್ಲುಬಯಲಿನ) ಟಿಟ್ಟಿಭ ಹಕ್ಕಿಯ ಗೂಡು ಮತ್ತೆ ಹೋಯ್ತು: ಊರಿನ ಗ್ರೂಪಿನಲ್ಲಿ ಬಂದ ಮೆಸೇಜುಗಳು

ಮನೆ 9 (ಬೆಳಿಗ್ಗೆ 5:50): ಟ್ಯಾಂಕಿ ಹಿಂದೆ ನೆಲದಲ್ಲಿದ್ದ ಗೂಡು ಖಾಲಿ. ನಾಲ್ಕೂ ಮೊಟ್ಟೆ ಹೋಯ್ತು. ರಾತ್ರಿ ಒಂದೂವರೆಯಿಂದ ಹಕ್ಕಿ ಬೊಬ್ಬೆ ಹಾಕ್ತಾ ಇತ್ತು, ಒಬ್ಬರಾದರೂ ಟಾರ್ಚ್ ಹಿಡಿದು ಹೊರಗೆ ಬಂದಿರಾ? ಅಲ್ಲಿ ಕೋಳಿ ತ್ಯಾಜ್ಯದ ಚೀಲ ಬಿಸಾಡುವವರು ಯಾರೆಂದು ಎಲ್ಲರಿಗೂ ಗೊತ್ತುಂಟು!

ಮನೆ 14: ನಾಯಿಗೆ ಅನ್ನ ಹಾಕುವವರನ್ನು ಮೊದಲು ಕೇಳಿ.

ಮನೆ 3: ನನಗೇ ಹೇಳಿದ್ದು ಅಂತ ಗೊತ್ತು. ನಾನು ಹಾಕುವುದು ನಮ್ಮ ಗೇಟಿನ ಹತ್ರ, ಪದವಿನಲ್ಲಿ ಅಲ್ಲ.

ಮನೆ 14: ನಾಯಿಗಳನ್ನೆಲ್ಲ ಹಿಡಿದು ದೂರ ಬಿಟ್ಟು ಬರುವ. ವಾಹನ ನಾನು ತರ್ತೇನೆ. ಮುಂಗುಸಿಗೂ ಬೋನು ಇಡುವ.

ಮೇಷ್ಟ್ರು: ಎರಡೂ ಆಗುವುದಿಲ್ಲ. 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮದಂತೆ ನಾಯಿಗೆ ಸಂತಾನಹರಣ, ರೇಬೀಸ್ ಲಸಿಕೆ ಮಾಡಿಸಿ ಹಿಡಿದಲ್ಲಿಗೇ ಬಿಡಬೇಕು. ಮುಂಗುಸಿ 1972ರ ವನ್ಯಜೀವಿ ಕಾಯ್ದೆಯಡಿ ಬರ್ತದೆ. ಆಗುವ ಕೆಲಸ ಬೇರೆ ಉಂಟು. ಮೊಟ್ಟೆ ಹೋದ ಜೋಡಿ ಹತ್ತಿರದಲ್ಲೇ ಮತ್ತೆ ಇಡುವುದುಂಟು. ಕಾವು ಸುಮಾರು ನಾಲ್ಕು ವಾರ, ಅಷ್ಟು ದಿನ ನಾಯಿ ತಡೆದರೆ ಸಾಕು. ಗೂಡಿನಿಂದ ಸ್ವಲ್ಪ ದೂರದಲ್ಲಿ ಸುತ್ತ ಕಂಬ ನೆಟ್ಟು ಬಲೆ ಕಟ್ಟುವ. ಬಲೆಯ ಕೆಳಗೆ ಮರಿ ದಾಟುವಷ್ಟು ಮಾತ್ರ ಸಂದು ಬೇಕು, ಮೊಟ್ಟೆಯೊಡೆದ ಮರಿ ಬೇಗನೆ ನಡೆದು ಹೊರಡ್ತದೆ, ಇಲ್ಲದಿದ್ದರೆ ಒಳಗೇ ಸಿಕ್ಕಿಬೀಳ್ತದೆ. ಆ ಸಂದಿನಲ್ಲಿ ಮುಂಗುಸಿ ನುಗ್ಗಬಹುದು, ಅದಕ್ಕೆ ಬಲೆಯಿಂದ ಉಪಾಯ ಇಲ್ಲ. ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಧ್ಯಾಹ್ನ ಕಲ್ಲು ಕಾದಿರುವಾಗ ತಾಯಿಯನ್ನು ಎಬ್ಬಿಸಿದರೆ ಮೊಟ್ಟೆ ಬೇಯ್ತದೆ. ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ತಂಪು ಮಾಡುವ ಹಕ್ಕಿ ಅದು. ಗುರುತಿಗೆ ಬಟ್ಟೆ ಕಟ್ಟಬೇಡಿ, ಕಾಗೆ ಅದನ್ನೇ ನೋಡಿ ಬರ್ತದೆ.

ಮನೆ 22: 🌹 ಶುಭೋದಯ 🌹

ಮನೆ 22: ಫಾರ್ವರ್ಡ್ ಬಂದದ್ದು: ಗೂಡಿನ ಸುತ್ತ ಮೆಣಸಿನ ಪುಡಿ ಚೆಲ್ಲಿದರೆ ನಾಯಿ ಬಾರದು.

ಮೇಷ್ಟ್ರು: ಪದವಿನ ಗಾಳಿಗೆ ಅರ್ಧ ದಿನ ನಿಲ್ಲುವುದಿಲ್ಲ, ಹಕ್ಕಿಯ ಕಣ್ಣಿಗೂ ಬೀಳ್ತದೆ. ಬೇಡ.

ಕೊನೆ ಮನೆ ಅಕ್ಕ: ಅಕೇಶಿಯಾ ಗಿಡವೂ ತೆಗೆಯಬೇಕು. ಟಿಟ್ಟಿಭಕ್ಕೆ ಬಯಲೇ ಬೇಕು, ಮರ ಆದರೆ ಕಾಗೆಗೆ ಕೂತು ನೋಡಲು ಜಾಗ. ಮೊದಲ ಮಳೆ ಬಿದ್ದ ವಾರ ಸಸಿ ಬೇರುಸಮೇತ ಬರ್ತದೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಪ್ರತಿ ಮಳೆಗಾಲ ಕೀಳಬೇಕು.

ಮನೆ 14: ಅಕೇಶಿಯಾ ನೆಡಿಸಿದ್ದು ಹಳೇ ಕಮಿಟಿ. ಅವರೇ ಕೀಳಲಿ.

ಮನೆ 3: ಆ ಕಮಿಟಿಯಲ್ಲಿ ನೀವೂ ಇದ್ರಿ.

ಮನೆ 14: ದಾಖಲೆ ತೋರಿಸಿ! ಅದಿರಲಿ, ತೆಂಗಿನ ಬೊಂಡ (ಎಳನೀರು) ತೂತಾಗಿ ಬೀಳ್ತಾ ಉಂಟು. ಇಲಿಯದ್ದು ಮಾತಾಡುವವರಿಲ್ಲ. ವಿಷ ತರಿಸ್ತೇನೆ, ಮನೆಗೊಂದು ಪಾಕೆಟ್.

ಮೇಷ್ಟ್ರು: ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯ್ತದೆ. ಇಲಿ ಹತ್ತದಂತೆ ಮರಕ್ಕೆ ತಗಡು ಸುತ್ತಿ. 40 ಸೆಂ.ಮೀ. ಅಗಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟ್, ನೆಲದಿಂದ 2 ಮೀಟರ್ ಎತ್ತರದಲ್ಲಿ, ಕಾಂಡಕ್ಕೆ ಬಿಗಿಯಾಗಿ. ಮಡಲು (ತೆಂಗಿನ ಗರಿ) ಪಕ್ಕದ ಮರಕ್ಕೆ ತಾಗುವಲ್ಲಿ, ಕಾಳುಮೆಣಸಿನ ಬಳ್ಳಿ ಹಬ್ಬಿದಲ್ಲಿ ತಗಡು ಸುತ್ತಿ ಪ್ರಯೋಜನ ಇಲ್ಲ.

ಮನೆ 22: ನಮ್ಮದು 6 ಮರ.

ಮನೆ 3: 11. ಎರಡಕ್ಕೆ ಬಳ್ಳಿ ಉಂಟು.

ಮನೆ 9: ಬಲೆ ಯಾರು ತರ್ತೀರಿ? ಕೋಳಿ ಚೀಲದ್ದು ಅಂಗಡಿಯವರಿಗೆ ಯಾರು ಹೇಳ್ತೀರಿ?

ಮನೆ 14: ತಗಡಿನ ಲೆಕ್ಕ ಇವತ್ತೇ ಕೊಡಿ, ಆದಿತ್ಯವಾರ ಪೇಟೆಗೆ ಹೋಗ್ತೇನೆ.

ಕೊನೆ ಮನೆ ಅಕ್ಕ: 4 ಮರ.