‘ಡಿಮ್’, ‘ಫೋಕಸ್’, ‘ಕಣ್ಣು ಕುಕ್ಕು’: ಹೆಡ್‌ಲೈಟಿನ ಮಾತುಗಳ ಬಗ್ಗೆ ಒಂದಷ್ಟು ಪ್ರಶ್ನೆ

ಮಡಿಕೇರಿಯ ಒಂದು ಗ್ಯಾರೇಜಿನ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆದುಕೊಡುತ್ತಿದ್ದೇನೆ. ಕಾರಿಗೆ, ಜೀಪಿಗೆ ಜಾಸ್ತಿ ಬೆಳಕಿನ ಬಲ್ಬ್ ಹಾಕಿಸುವವರು ಎದುರಿನವರ ಕಣ್ಣು ಕೆಡಿಸದೆ ಹಾಕಿಸಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಮಳೆಗಾಲದ ರಾತ್ರಿ ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ದಾರಿಯಲ್ಲೋ ಓಡಾಡುವವರಿಗೆ ಒಳ್ಳೆಯ ಲೈಟು ಬೇಕೇ ಬೇಕು. ತಿರುವು ಕಾಣಬೇಕು, ಆನೆ ನಿಂತಿದ್ದರೆ ಕಾಣಬೇಕು. ಎದುರಿಗೆ ಬರುವ ಬಸ್ಸಿನ ಡ್ರೈವರಿಗೂ ರಸ್ತೆ ಕಾಣಬೇಕು ಅಲ್ವಾ? ಬರೆಯಲು ಕೂತರೆ ಕೆಲವು ಪದಗಳು ಕಾಟ ಕೊಡುತ್ತಿವೆ. ಬಲ್ಲವರು ತಿಳಿಸಿ.

ಮೊದಲ ಕಾಟ ‘ಡಿಮ್’. ‘ಗಾಡಿ ಲೈಟ್ ಡಿಮ್ ಆಗಿದೆ’ ಅಂದರೆ ಬೆಳಕು ಸಾಲುತ್ತಿಲ್ಲ ಅಂತ. ‘ಡಿಮ್ ಮಾಡಿ ಮಾರಾಯ್ರೇ’ ಅಂದರೆ ಬೆಳಕನ್ನು ಕೆಳಗೆ ಇಳಿಸಿ ಅಂತ. ಇಳಿಸಿದ ಬೆಳಕು ಮಂದ ಬೆಳಕಲ್ಲ. ಮಾಮೂಲಿ ಎಚ್4 ಹ್ಯಾಲೋಜನ್ ಬಲ್ಬ್ ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ಫಿಲಮೆಂಟ್ ಇರುತ್ತವೆ, ದೂರಕ್ಕೆ ಬೀಳುವ ಮೇಲಿನ ಬೆಳಕಿಗೆ (ಹೈ ಬೀಮ್) 60 ವಾಟ್, ಇಳಿಸಿದ ಬೆಳಕಿಗೆ (ಲೋ ಬೀಮ್) 55 ವಾಟ್. 55ರ ಫಿಲಮೆಂಟಿನ ಅಡಿಯಲ್ಲಿ ಚಮಚದ ತುದಿಯಂಥ ಪುಟ್ಟ ಲೋಹದ ಕಪ್ ಇದೆ. ಬಲ್ಬಿನ ಹಿಂದಿರುವ ಕನ್ನಡಿಯಂಥ ರಿಫ್ಲೆಕ್ಟರಿನ ಕೆಳಗಿನ ಅರ್ಧಕ್ಕೆ ಬಿದ್ದು ಮೇಲಕ್ಕೆ ಹಾರಬೇಕಾದ ಬೆಳಕನ್ನು ಆ ಕಪ್ ತಡೆಯುತ್ತದೆ. ಡಿಮ್ ಅನ್ನುವುದು ಮುಖ್ಯವಾಗಿ ಈ ಕಪ್ಪಿನ ಕೆಲಸ. ಹೀಗಿರುವಾಗ ‘ಡಿಮ್ ಲೈಟನ್ನು ಬ್ರೈಟ್ ಮಾಡಿಸುವುದು’ ಅಂತ ಬರೆದರೆ ಓದಿದವನು ಹೈ ಬೀಮ್ ಹಾಕಿಕೊಂಡೇ ಓಡಿಸಿಯಾನು! ಇಂಗ್ಲಿಷಿನಲ್ಲಿ ಇಳಿಸು ಅನ್ನುವ ಅರ್ಥದ ‘ಡಿಪ್’ ಅಂತ ಬರೆಯೋಣವೆಂದರೆ, ‘ಡಿಮ್-ಡಿಪ್’ ಜೋಡಿಯಲ್ಲಿ ಡಿಪ್ ಅಂದರೆ ಮೇಲಿನ ಬೆಳಕು ಅಂದುಕೊಂಡವರೂ ಇದ್ದಾರೆ. ‘ಕೆಳಬೆಳಕು, ಮೇಲ್ಬೆಳಕು’ ಅಂತ ಬರೆದು ತೋರಿಸಿದೆ. ಗ್ಯಾರೇಜಿನ ಹುಡುಗ ‘ಚೆನ್ನಾಗಿದೆ ಅಣ್ಣ, ಆದರೆ ಯಾರೂ ಹೀಗೆ ಕೇಳಲ್ಲ’ ಅಂದ. ಸದ್ಯಕ್ಕೆ ‘ಲೋ ಬೀಮ್, ಹೈ ಬೀಮ್’ ಅಂತಲೇ ಇಟ್ಟಿದ್ದೇನೆ.

ಎರಡನೆಯದು ನಿಜವಾದ ಕಗ್ಗಂಟು. ಎದುರಿನ ಲೈಟು ಕಣ್ಣಿಗೆ ಬಿದ್ದು ಏನೂ ಕಾಣದಂತೆ ಆಗುತ್ತದಲ್ಲ, ಅದಕ್ಕೆ ಒಂದು ಹೆಸರು ಬೇಕು. ‘ಕಣ್ಣು ಕೋರೈಸುವ’ ಅನ್ನುವುದನ್ನು ಸೀರೆ ಅಂಗಡಿಯವರೂ ದಸರಾ ದೀಪಾಲಂಕಾರದ ವರದಿಗಾರರೂ ಹೊಗಳಿಕೆಗೆ ಬಳಸಿ ಬಳಸಿ ಅದರಲ್ಲಿ ದೂರಿನ ಧ್ವನಿಯೇ ಉಳಿದಿಲ್ಲ. ‘ಪ್ರಖರ’ ಅಂದರೆ ಬೆಳಕು ಜೋರಾಗಿದೆ ಅಂತಷ್ಟೇ. ಜೋರು ಬೆಳಕು ರಸ್ತೆಯ ಮೇಲೆ ಬಿದ್ದರೆ ಯಾರಿಗೂ ತಕರಾರಿಲ್ಲ. ‘ಕಣ್ಣು ಕತ್ತಲೆ ಬಂತು’ ಅಂದರೆ ತಲೆ ಸುತ್ತಿದ ಹಾಗೆ. ‘ಕಣ್ಣು ಮಂಜಾಯಿತು’ ಅಂತ ಕೊಡಗಿನಲ್ಲಿ ಬರೆದರೆ, ಹೊರಗಿನ ಮಂಜೋ ಕಣ್ಣಿನ ಮಂಜೋ ಅಂತ ಕೇಳುತ್ತಾರೆ.

ಉಳಿದದ್ದು ‘ಕಣ್ಣು ಕುಕ್ಕು’. ಕೋಳಿ ಕುಕ್ಕಿದ ಹಾಗೆ ಚುರುಕ್ ಅನ್ನುವ ಹಿಂಸೆ ಅದರಲ್ಲಿದೆ, ನನಗೆ ಇಷ್ಟವೇ. ಆದರೆ ಇಲ್ಲಿ ಆಗುವ ತೊಂದರೆ ಎರಡು ಬಗೆಯದು. ಒಂದು, ಕಣ್ಣಿಗೆ ಹಿಂಸೆ. ನೀಲಿ ಕಡೆಗೆ ತಿರುಗಿದ ಬಿಳಿ ಬೆಳಕಿನಲ್ಲಿ ಇದು ಜಾಸ್ತಿ ಅನ್ನಿಸುತ್ತದೆ. ಇನ್ನೊಂದು, ಹಿಂಸೆ ಇರಲಿ ಬಿಡಲಿ, ಕಣ್ಣೊಳಗೆ ಬೆಳಕು ಚೆದರಿ ರಸ್ತೆಯ ಅಂಚು, ನಡೆದುಕೊಂಡು ಹೋಗುವವರು ಕಾಣದೆ ಹೋಗುವುದು. ವಯಸ್ಸಾದವರಿಗೆ, ಪೊರೆ ಬಂದವರಿಗೆ ಈ ಎರಡನೆಯದೇ ಹೆಚ್ಚು ಅಪಾಯ. ಮೊದಲನೆಯದಕ್ಕೆ ‘ಕಣ್ಣು ಕುಕ್ಕುವುದು’, ಎರಡನೆಯದಕ್ಕೆ ‘ಕಣ್ಣು ಕವಿಯುವುದು’ ಅಂತ ಹಂಚಿದರೆ ಹೇಗೆ? ಮಬ್ಬು ಕವಿಯುತ್ತದೆ, ಕತ್ತಲೆ ಕವಿಯುತ್ತದೆ. ಬೆಳಕಿನಿಂದ ಕಣ್ಣು ಕವಿಯಿತು ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ?

ಇದು ಸುಮ್ನೆ ಪದದ ಹಟ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದೇ ಮಾತು ಹೇಳುತ್ತದೆ. ಬೆಳಕನ್ನು ಎಷ್ಟು ಕೆಳಗೆ ಇಳಿಸಬೇಕೆಂದರೆ, ದೀಪದಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಅದು ಕುಕ್ಕಬಾರದು. ಬಲ್ಬಿನ ಶಕ್ತಿ ಎಷ್ಟು ಅನ್ನುವುದಕ್ಕಿಂತ ಬೆಳಕು ಎಲ್ಲಿ ಬೀಳುತ್ತದೆ ಅನ್ನುವ ಲೆಕ್ಕ ಅದು.

ಅಲ್ಲಿಂದ ‘ಫೋಕಸ್’ಗೆ ಬರುತ್ತೇನೆ. ‘ಫೋಕಸ್ ಸೆಟ್ ಮಾಡಿಸಿ’ ಅಂದರೆ ಲೈಟಿನ ದಿಕ್ಕು ಸರಿಮಾಡಿಸಿ ಅಂತ. ‘ಎರಡು ಫೋಕಸ್ ಹಾಕಿಸಿದ್ದೇನೆ’ ಅಂದರೆ ಬಂಪರಿನ ಮೇಲೆ ಎಕ್ಸ್‌ಟ್ರಾ ಲೈಟು ಕೂರಿಸಿದ್ದೇನೆ ಅಂತ. ಹೀಗಾಗಿ ದಿಕ್ಕು ಸರಿಮಾಡುವುದಕ್ಕೆ ‘ಗುರಿ’ ಅಂತ ಬರೆದಿದ್ದೇನೆ. ಕೈಲ್ ಮುಹೂರ್ತದ ಹಬ್ಬಕ್ಕೆ ಮರದ ತುದಿಯ ತೆಂಗಿನಕಾಯಿಗೆ ಕೋವಿ ಹಿಡಿಯುವ ಊರಿನಲ್ಲಿ ಗುರಿ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಸೂಚನೆಯಲ್ಲಿರುವುದು ಹೀಗೆ: ‘ಟೈರಿನ ಗಾಳಿ ಸರಿ ಮಾಡಿಕೊಂಡು ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಬಲ್ಬಿನ ಎತ್ತರಕ್ಕೆ ಗೋಡೆಯಲ್ಲಿ ಗೆರೆ ಎಳೆಯಿರಿ. ಲೋ ಬೀಮಿನ ಅಂಚು ಅದಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬರಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.’ ಆ ಅಂಚು ಎಡಗಡೆ ಸ್ವಲ್ಪ ಮೇಲಕ್ಕೆ ಏರಿರುತ್ತದೆ, ನಾವು ಎಡಕ್ಕೆ ಓಡಿಸುವವರು, ರಸ್ತೆಯ ಬದಿ ಕಾಣಲಿ ಅಂತ. ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಈ ಗೆರೆ. ‘ಅಂಚು’ ಸಾಕೋ, ‘ಅಂಚುಗೆರೆ’ ಬೇಕೋ?

ಕಡಿಮೆ ಬೆಲೆಯ ಎಲ್‌ಇಡಿ ಬಲ್ಬ್ ಹಾಕಿದಾಗ ಹಾಳಾಗುವುದು ಈ ಅಂಚೇ. ಹ್ಯಾಲೋಜನ್ನಿಗಾಗಿ ಮಾಡಿದ ಡೂಮಿನಲ್ಲಿ (ರಿಫ್ಲೆಕ್ಟರ್, ಮುಂದಿನ ಗಾಜು ಸೇರಿದ ಹೆಡ್‌ಲೈಟಿನ ಗೂಡು) ಫಿಲಮೆಂಟ್ ಇರಬೇಕಾದ ಜಾಗದಲ್ಲೇ ಬೆಳಕು ಹುಟ್ಟಬೇಕು. ಎಲ್‌ಇಡಿಯಲ್ಲಿ ಬೆಳಕು ಕೊಡುವ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಗೆರೆಯ ಮೇಲಕ್ಕೆ ಹೋಗುತ್ತದೆ. ಆಮೇಲೆ ಸ್ಕ್ರೂ ತಿರುಗಿಸಿ ಗುರಿ ಎಷ್ಟು ಇಳಿಸಿದರೂ ಪೂರ್ತಿ ಸರಿಹೋಗುವುದಿಲ್ಲ. ‘ಬೆಳಕು ಚೆಲ್ಲುತ್ತದೆ’ ಅಂತ ಬರೆದರೆ ಬೆಳದಿಂಗಳ ನೆನಪಾಗುತ್ತದೆ. ‘ಗೆರೆಯ ಮೇಲೆ ಬೆಳಕು ಸೋರುತ್ತದೆ’ ಅಂತ ಬರೆದಿದ್ದೇನೆ. ಜೂನ್, ಜುಲೈನಲ್ಲಿ ಇಲ್ಲಿನ ಮನೆಯ ಮಾಡು ನೋಡಿದವರಿಗೆ ಸೋರುವುದು ಅಂದರೆ ಒಳ್ಳೆಯದಲ್ಲ ಅಂತ ಗೊತ್ತು.

‘ಪವರ್’ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ‘ಹಂಡ್ರೆಡ್-ನೈಂಟಿ ಕೊಡಿ’ ಅನ್ನುತ್ತಾರೆ, ಅಂದರೆ 60/55ರ ಬದಲು 100/90 ವಾಟಿನ ಬಲ್ಬ್. ವಾಟ್ ಅನ್ನುವುದು ಬಲ್ಬ್ ತಿನ್ನುವ ಕರೆಂಟಿನ ಲೆಕ್ಕ, ಬೆಳಕಿನ ಲೆಕ್ಕ ಲ್ಯೂಮೆನ್. ಎಚ್4ರ 55 ವಾಟಿನ ಫಿಲಮೆಂಟ್ ಸುಮಾರು 1000 ಲ್ಯೂಮೆನ್ ಕೊಟ್ಟರೆ, ಅದೇ 55 ವಾಟಿನ, ಒಂದೇ ಫಿಲಮೆಂಟ್ ಇರುವ ಎಚ್7 ಬಲ್ಬ್ ಸುಮಾರು 1500 ಕೊಡುತ್ತದೆ. ಹಳೇ ವೈರಿಂಗಿನಲ್ಲಿ ವೋಲ್ಟೇಜು ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಅದಕ್ಕೇ ನಮ್ಮ ಪುಟದಲ್ಲಿ ಮೊದಲ ಸಾಲು ‘ಡೂಮ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ, ರಿಲೇ ಹಾಕಿಸಿ, ಬಲ್ಬ್ ಆಮೇಲೆ ನೋಡೋಣ’. (ರಿಲೇ ಅಂದರೆ ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ಕರೆಂಟು ಕೊಡಿಸುವ ಪುಟ್ಟ ಸ್ವಿಚ್.) ಇಲ್ಲಿ ‘ತಿನ್ನುವ ಕರೆಂಟು, ಕೊಡುವ ಬೆಳಕು’ ಅಂತ ಬರೆದಿದ್ದೇನೆ. ಇದಕ್ಕಿಂತ ಸಲೀಸಾದ ಮಾತು ಸಿಕ್ಕರೆ ಕೊಡಿ.

ಇನ್ನೊಂದು ಕೇಳಬೇಕಿತ್ತು. ದಟ್ಟ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ‘ಹೈ ಬೀಮ್ ಹಾಕಿದರೆ ಮಂಜು ಗೋಡೆಯಾಗುತ್ತದೆ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಚಾರ್ಮಾಡಿ, ಶಿರಾಡಿ, ಆಗುಂಬೆ ಕಡೆ ಗಾಡಿ ಓಡಿಸುವವರು ಇದಕ್ಕೆ ಏನನ್ನುತ್ತಾರೆ?