ಸ್ಕಾಲರ್‌ಶಿಪ್ ಕೊಟ್ಟ ಮೇಲೆ ಕಾಲೇಜನ್ನ ಕೇಳೋರು ಯಾರು?

ಸುರೇಶ (ಫ್ರೀಮಾಂಟ್): ಫಾರ್ವರ್ಡ್ ಮಾಡಿದ್ದು ಓದಿದ್ರಾ? ಕ್ಯಾಲಿಫೋರ್ನಿಯಾದಲ್ಲಿ ಬಡ ಮಕ್ಕಳಿಗೆ ರಾಜ್ಯ ಕೊಡೋ ಕ್ಯಾಲ್ ಗ್ರಾಂಟ್. ಸಾಲ ಮಾಡಿ ಓದಿ ಹೋದವರಲ್ಲಿ ಕಂತು ಕಟ್ಟದೆ ಸುಸ್ತಿಯಾದವರು 15.5% ಮುಟ್ಟಿದ್ರೆ, ಇಲ್ಲಾ ಡಿಗ್ರಿ ಮುಗಿಸೋರು 30% ದಾಟದಿದ್ರೆ, ಆ ಕಾಲೇಜಿಗೆ ಗ್ರಾಂಟ್ ಬಂದ್. 2011ರಲ್ಲಿ ತಂದು 2012ರಲ್ಲಿ ಬಿಗಿ ಮಾಡಿದ್ರು. ನಮ್ಮ ಕರ್ನಾಟಕದಲ್ಲಿ ಯಾಕಿಲ್ಲ?

ಬಸು: ನಮ್ಮಲ್ಲಿ ಮೊದಲ ರೊಕ್ಕ ಬರ್ಲಿ ತಡಿಯಪಾ, ಆಮ್ಯಾಲೆ ಬಂದ್ ಮಾಡೋಣು.

ಶೋಭಾ: ಕಾಲೇಜು ಕೆಟ್ಟದ್ದಾದ್ರೆ ಹುಡುಗಿಗೆ ಯಾಕೋ ಶಿಕ್ಷೆ?

ಸುರೇಶ: ಬೇರೆ ಕಾಲೇಜಿಗೆ ಸೇರಿದ್ರೆ ಅಲ್ಲಿ ಸಿಗುತ್ತೆ ಕಣೇ.

ಶೋಭಾ: ದಿನಕ್ಕೆ ಎರಡೇ ಬಸ್ ಇರೋ ಊರಿನವಳಿಗೆ ಬೇರೆ ಕಾಲೇಜು ಎಲ್ಲಿಂದ ತರ್ತೀಯ?

ಮೂರ್ತಿ: ರಿಸಲ್ಟ್ ನೋಡಿ ದುಡ್ಡು ಅಂದ್ರೆ, ಒಳ್ಳೆ ಮಾರ್ಕ್ಸ್ ಇರೋರನ್ನೇ ಸೇರಿಸ್ಕೊತಾರೆ. ಬಡವರು ಮೊದಲು ಹೊರಗೆ.

ಸುರೇಶ: ಅದಕ್ಕೇ 40%ಗಿಂತ ಹೆಚ್ಚು ಮಕ್ಕಳು ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಸಾಲ ಮಾಡೋ ಕಾಲೇಜಿಗೆ ಮಾತ್ರ ಈ ನಿಯಮ. ಕಡಿಮೆ ಫೀಸಿನ ಕಮ್ಯುನಿಟಿ ಕಾಲೇಜುಗಳು ಬಹುತೇಕ ಬಚಾವ್. ಸಿಕ್ಕಿಬಿದ್ದವರಲ್ಲಿ ಲಾಭಕ್ಕೆ ನಡೆಸೋರೇ ಹೆಚ್ಚು.

ಮೂರ್ತಿ: ಕೋವಿಡ್ ಅಂತ 2020ರ ಮಾರ್ಚಿಂದ 2023ರವರೆಗೆ ಆ ಸಾಲದ ಕಂತೇ ನಿಲ್ಲಿಸಿದ್ರಲ್ಲ. ಕಂತೇ ಇಲ್ಲ ಅಂದ್ಮೇಲೆ ಸುಸ್ತಿ ಎಲ್ಲಿ? ಆ ಲೆಕ್ಕದಲ್ಲಿ ಎಲ್ಲ ಕಾಲೇಜೂ ಪಾಸ್.

ಸುರೇಶ: ಡಿಗ್ರಿ ಮುಗಿಸೋರು 30% ದಾಟ್ಬೇಕು ಅನ್ನೋದು ಇತ್ತಲ್ಲಯ್ಯ.

ಶೋಭಾ: ನಮ್ಮ ಕಥೆನೂ ಕೇಳು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಲಿ ಅರ್ಜಿ ಹಾಕಿ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಮಾಡಿಸಿ ಕಾಯ್ಬೇಕು. ಅಷ್ಟರಲ್ಲಿ ಕಾಲೇಜಿನವರು "ಮೊದಲು ಫೀಸ್ ಕಟ್ಟು, ಸ್ಕಾಲರ್‌ಶಿಪ್ ಬಂದಾಗ ನೀನೇ ಇಟ್ಕೋ" ಅಂತಾರೆ. ನನ್ನ ಸ್ಟೂಡೆಂಟ್ ಒಬ್ಬಳ ತಂಗಿಗೆ ಹಾಗೇ ಆಯ್ತು, ಅವರಮ್ಮ ಓಲೆ ಅಡ ಇಟ್ಟು ಕಟ್ಟಿದ್ರು. ರಸೀದಿ ನೋಡಿದೆ: ಅರ್ಧಕ್ಕರ್ಧ "ಇತರೆ ಶುಲ್ಕ", ಯಾವುದು ಇತರೆ ಅಂತ ಒಂದಕ್ಷರ ಇಲ್ಲ.

ಬಸು: ಕ್ಯಾಪಿಟೇಶನ್ (ಸೀಟಿಗೆ ಡೊನೇಶನ್) ನಿಷೇಧ ಕಾಯ್ದೆ 1984ರಿಂದ ಐತಿ. ಕಾಯ್ದೆಗೇನ್ ಬರ ಇಲ್ಲಬಿಡು.

ಶೋಭಾ: ಮಕ್ಕಳ ದುಡ್ಡು ಮುಟ್ಟಬೇಡಿ. ಸ್ಕಾಲರ್‌ಶಿಪ್ ಮೇಲೆ ಸೇರಿದವರು ಎಷ್ಟು, ಕೊನೇ ವರ್ಷ ಮುಟ್ಟಿದವರು ಎಷ್ಟು, ಟ್ಯೂಷನ್ ಫೀ ಬಿಟ್ಟು ವಸೂಲಿ ಎಷ್ಟು. ಇಷ್ಟನ್ನ ಪ್ರತಿ ಕಾಲೇಜೂ ಅಡ್ಮಿಶನ್‌ಗೆ ಮುಂಚೆ ಗೇಟಿಗೆ ಅಂಟಿಸ್ಲಿ. ಅಂಟಿಸದಿದ್ರೆ ದಂಡ ಮ್ಯಾನೇಜ್‌ಮೆಂಟಿಗೆ.

ಮೂರ್ತಿ: ಯಾವ ಕಾಲೇಜು ಅಂಟಿಸುತ್ತಮ್ಮ?

ಬಸು: ನಾವು ಓದಿದ ಕಾಲೇಜನ್ನ ಕೇಳೋಣು. ಹೊಸ ಆಡಿಟೋರಿಯಂಗೆ ಚಂದಾ ಎತ್ತಾಕತ್ತಾರಲ್ಲ.

ಸುರೇಶ: ಶೋಭಾ ಲೆಟರ್ ಬರೀಲಿ, ನಾನು ಸೈನ್ ಹಾಕ್ತೀನಿ.

ಶೋಭಾ: ಸೈನ್ ಎಲ್ಲರೂ ಹಾಕ್ತಾರೆ. ಉತ್ತರ ಬರೋವರೆಗೂ ಚಂದಾ ನಿಲ್ಲಿಸ್ತೀಯಾ, ಅದನ್ನ ಹೇಳು.