ಹೊಳೆಗೆ ಅಡ್ಡ ಒಡ್ಡು ಬೇಡ, ಪಕ್ಕದಲ್ಲಿ ಕೆರೆ ಕಟ್ಟಿ ಅಂತ ಕೇಳಬೇಕಿದೆ. ಯೋಜನೆಯಲ್ಲಿ ಏನೇನು ಬರೆಸಬೇಕು?

ಹೊಳೆದಂಡೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಲಿ ಕಡೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರು ತುಂಗಭದ್ರಾ ದಂಡೆಯಲ್ಲೇ ಇದೆ. ಆದರೂ ಏಪ್ರಿಲ್ ಬಂತೆಂದರೆ ನಲ್ಲಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ನೀರು. ಡ್ಯಾಮಿನಿಂದ ಹೊಳೆಗೆ ಬಿಡುವುದು ನಿಂತ ಮೇಲೆ ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ಸುತ್ತ ಬರೀ ಬಂಡೆ, ಮರಳು. ಆಗ ಮರಳಿನ ಚೀಲ ಜೋಡಿಸಿ ಹೊಳೆಗೆ ಅಡ್ಡ ಒಡ್ಡು ಹಾಕುತ್ತಾರೆ. ಮಡುವಿನಲ್ಲಿ ಉಳಿದ ನೀರನ್ನೂ ಮೋಟಾರ್ ಇಟ್ಟು ಎತ್ತುತ್ತಾರೆ.

ಊರಿಗೆ ನೀರು ಬೇಕೇ ಬೇಕು. ಆದರೆ ಮೀನು, ಆಮೆ, ನೀರುನಾಯಿ ಬೇಸಿಗೆ ಕಳೆಯುವುದೂ ಅದೇ ಮಡುಗಳಲ್ಲಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲೇ ನೀರುನಾಯಿಗಳ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ಘೋಷಣೆ ಇದೆ, ಮಡುವಿನಲ್ಲಿ ನೀರಿಲ್ಲ.

ಇನ್ನೊಂದು ಕಡೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಯಿತು. ಎಷ್ಟೊಂದು ನೀರು ನಮ್ಮ ಕಣ್ಣೆದುರೇ ಹರಿದು ಹೋಯಿತು! ಗೇಟು ಮುರಿಯದ ವರ್ಷವೂ ಒಳ್ಳೆ ಮಳೆಯಾದರೆ ಹೊಳೆ ತುಂಬಿ ಹರಿಯುತ್ತದೆ. ಅದರಲ್ಲಿ ಸ್ವಲ್ಪ ಎತ್ತಿ ದಂಡೆಯಿಂದ ದೂರ ಒಂದು ಕೆರೆಯಲ್ಲಿ ಇಟ್ಟುಕೊಂಡರೆ ಬೇಸಿಗೆಯಲ್ಲಿ ಹೊಳೆಯನ್ನು ಅದರ ಪಾಡಿಗೆ ಬಿಡಬಹುದಲ್ವಾ? ಇಲ್ಲಿ ಇದು ಹೊಸದೂ ಅಲ್ಲ. ವಿಜಯನಗರದವರು ರಾಯ ಕಾಲುವೆ ತೆಗೆದು ಕಮಲಾಪುರದ ಕೆರೆಗೆ ಹೊಳೆ ನೀರು ಹಾಯಿಸಿದ್ದರು.

ನಾವು ಕೆಲವರು ಸೇರಿ ಪುರಸಭೆಗೆ ಮನವಿ ಕೊಡುತ್ತಿದ್ದೇವೆ. ಸುಮ್ನೆ "ಕೆರೆ ಕಟ್ಟಿ" ಅಂತ ಬರೆದರೆ ಸಾಲದು ಅನ್ನಿಸುತ್ತಿದೆ. ಎಷ್ಟು ದೊಡ್ಡದು, ಯಾವಾಗ ತುಂಬಿಸಬೇಕು, ಹೊಳೆಯ ಪಾಲು ಎಷ್ಟು? ಬಲ್ಲವರು ದಯವಿಟ್ಟು ಹೇಳಿ.

ನಿವೃತ್ತ ಇಂಜಿನಿಯರ್, ಬಳ್ಳಾರಿ:

ಟೀಚರ್, ಒಳ್ಳೆ ಪ್ರಶ್ನೆ. ನನ್ನ ಸರ್ವೀಸೆಲ್ಲ ಊರುಗಳ ನೀರು ಸರಬರಾಜಿನಲ್ಲೇ ಕಳೆಯಿತು. ಮೊದಲು ಲೆಕ್ಕ ಹಾಕೋಣ. ಲೆಕ್ಕ ಕೈಯಲ್ಲಿದ್ದರೆ ಮನವಿಗೆ ತೂಕ ಬರುತ್ತದೆ.

ಊರಿನ ಜನಸಂಖ್ಯೆ 50,000 ಅಂತ ಇಟ್ಟುಕೊಳ್ಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಮಾನದಂಡ. ಅಲ್ಲಿಗೆ ದಿನಕ್ಕೆ 67.5 ಲಕ್ಷ ಲೀಟರ್. ಜನವರಿಯಿಂದ ಮೇ ಕೊನೆಯವರೆಗೆ 150 ದಿನ ಹೊಳೆ ಮುಟ್ಟಬಾರದು ಅಂದರೆ ಸುಮಾರು 100 ಕೋಟಿ ಲೀಟರ್, ಅಂದರೆ 10 ಲಕ್ಷ ಘನ ಮೀಟರ್ ಸಂಗ್ರಹ ಬೇಕು. ಒಂದು ಟಿಎಂಸಿ ಅಂದರೆ 2,832 ಕೋಟಿ ಲೀಟರ್. ನಿಮಗೆ ಬೇಕಾದದ್ದು ಅದರ 28ನೇ ಒಂದು ಪಾಲು. "ಟಿಎಂಸಿ ಎಲ್ಲಿಂದ ತರೋಣ" ಅಂತ ಯಾರಾದರೂ ಕೈ ಚೆಲ್ಲಿದರೆ ಈ ಅಂಕಿ ತೋರಿಸಿ.

ಇನ್ನು ಬಿಸಿಲು. ನಮ್ಮ ಕಡೆ ಆ ಐದು ತಿಂಗಳಲ್ಲಿ ಸುಮಾರು ಒಂದು ಮೀಟರ್ ನೀರು ಆವಿಯಾಗುತ್ತದೆ ಅಂತ ಹಿಡಿಯಿರಿ. ಕೆರೆ ಐದು ಮೀಟರ್ ಆಳ ಇದ್ದರೆ 50 ಎಕರೆ ಸಾಕು, ಬಿಸಿಲಿಗೆ ಎರಡು ಲಕ್ಷ ಘನ ಮೀಟರ್ ಹೋಗುತ್ತದೆ. ಅಗೆಯುವ ಖರ್ಚು ಉಳಿಸಲು ಎರಡೂವರೆ ಮೀಟರ್ ಆಳಕ್ಕೆ ನಿಲ್ಲಿಸಿದರೆ 100 ಎಕರೆ ಬೇಕು, ನಷ್ಟವೂ ಎರಡರಷ್ಟು. ಹಾಗಾಗಿ ಆಳದ ಕೆರೆಯನ್ನೇ ಕೇಳಿ. ಆವಿ, ಇಂಗುವುದು, ತಳದಲ್ಲಿ ಉಳಿಯುವ ನೀರು ಎಲ್ಲ ಸೇರಿಸಿ 13 ಲಕ್ಷ ಘನ ಮೀಟರ್‌ಗೆ ಯೋಜನೆ ಮಾಡಿಸಿ, ಆಗ ಐದು ಮೀಟರ್ ಆಳಕ್ಕೂ ಸುಮಾರು 65 ಎಕರೆ ಬೇಕಾಗುತ್ತದೆ. ಎರೆ ನೆಲ ಬಿರುಕು ಬಿಡುತ್ತದೆ, ತಳಕ್ಕೂ ಏರಿಗೂ ನೀರು ಇಂಗದಂಥ ಪ್ಲಾಸ್ಟಿಕ್ ಹಾಳೆ ಹಾಸಬೇಕಾದೀತು. ಮಣ್ಣು ಪರೀಕ್ಷೆ ಆಗದೆ ಜಾಗ ಒಪ್ಪಬೇಡಿ.

ಮುಖ್ಯ ಮಾತು ಈಗ ಬಂತು. 13 ಲಕ್ಷ ಘನ ಮೀಟರ್ 60 ದಿನದಲ್ಲಿ ತುಂಬಬೇಕಾದರೆ ಸುಮಾರು 9 ಕ್ಯುಸೆಕ್, ಅಂದರೆ ಸೆಕೆಂಡಿಗೆ 9 ಘನ ಅಡಿ ಎತ್ತಬೇಕು. ಊರಿನ ದಿನದ ಬಳಕೆಗೆ ಇನ್ನೊಂದು 3. ಒಟ್ಟು 12. ಹೊಳೆಯಲ್ಲಿ ಸಾವಿರಾರು ಕ್ಯುಸೆಕ್ ಹರಿಯುವಾಗ ಈ 12 ಏನೇನೂ ಅಲ್ಲ. ಬೇಸಿಗೆಯಲ್ಲಿ ಆ 3 ಕ್ಯುಸೆಕ್ಕೇ ಮಡುವಿನ ಜೀವ. ಅಂದರೆ ದಿನದ ಬಳಕೆಗೆ ಸಾಕಾಗುವ ಪಂಪಿನ ನಾಲ್ಕು ಪಟ್ಟು ದೊಡ್ಡ ಪಂಪು, ಅದಕ್ಕೆ ತಕ್ಕ ಪೈಪು ಬೇಕು. ಹಣ ಉಳಿಸಲು ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಪಂಪು ಚಿಕ್ಕದಾದರೆ ಜನವರಿ, ಫೆಬ್ರವರಿಯಲ್ಲೂ ಎತ್ತುತ್ತಲೇ ಇರಬೇಕು. ಆಮೇಲೆ ಕೆರೆಯೂ ಇರುತ್ತದೆ, ಮರಳು ಚೀಲದ ಒಡ್ಡೂ ಇರುತ್ತದೆ.

ಆದ್ದರಿಂದ ಕೆರೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮುಂಚೆ ಮೋಟಾರ್ ಯಾವಾಗ ಬಂದ್ ಅನ್ನುವುದನ್ನು ಬರೆಸಿ. ಹೊಳೆಯ ಹರಿವು ಇಷ್ಟಕ್ಕಿಂತ ಇಳಿದರೆ ಎತ್ತುವಂತಿಲ್ಲ ಅಂತ ಒಂದು ಗೆರೆ ಬೇಕು. ಆ ಗೆರೆ ಎಲ್ಲಿ ಅನ್ನುವುದನ್ನು ಆಫೀಸಿನಲ್ಲಿ ಕೂತು ಹೇಳಲಾಗದು. ಒಂದು ಬೇಸಿಗೆ ಮಡು ಮಡು ನೋಡಿ ಅಳೆಯಬೇಕು. ಸಂರಕ್ಷಿತ ಪ್ರದೇಶ ಆದ್ದರಿಂದ ಅರಣ್ಯ ಇಲಾಖೆಯನ್ನು ಮೊದಲ ದಿನದಿಂದಲೇ ಕೂರಿಸಿಕೊಳ್ಳಿ.

ಸಿಂಧನೂರು ಕಡೆಯವ:

ಅಕ್ಕಾ, ಎಡದಂಡೆ ಕಾಲುವೆಯ ಕೆಳಗಿನ ಊರುಗಳಲ್ಲಿ ನಾವು ಬದುಕಿರುವುದೇ ಇಂಥ ಕೆರೆಗಳ ಮೇಲೆ. ಕಾಲುವೆ ಬಂದ್ ಆಗುವ ಮುಂಚೆ ತುಂಬಿಸಿಕೊಳ್ಳುತ್ತೇವೆ. ತುಂಬದೆ ಹೋದರೆ ಬೇಸಿಗೆ ಪೂರ್ತಿ ಟ್ಯಾಂಕರ್ ಹಿಂದೆ ಓಡಾಟ.

ಎರಡು ಮಾತು ಅನುಭವದಿಂದ. ಕೆರೆ ಸುತ್ತ ಗದ್ದೆ ಇದ್ದರೆ ಗೊಬ್ಬರ, ಕೀಟದ ಎಣ್ಣೆ (ಕೀಟನಾಶಕ) ಬೆರೆತ ನೀರು ಒಳಗೆ ಬರುತ್ತದೆ. ಮಾರ್ಚಿನಲ್ಲಿ ಪಾಚಿ ಕಟ್ಟಿ ನೀರು ವಾಸನೆ ಹೊಡೆಯುತ್ತದೆ, ಎಷ್ಟು ಕ್ಲೋರಿನ್ ಹಾಕಿದರೂ ಮಕ್ಕಳು ಕುಡಿಯುವುದಿಲ್ಲ. ಏರಿಯ ಹೊರಗೆ ಸುತ್ತಲೂ ಚರಂಡಿ ಬೇಕೇ ಬೇಕು. ತೂಬು ಒಂದೇ ಮಟ್ಟದಲ್ಲಿ ಇಡಿಸಬೇಡಿ. ಮೇಲೆ ಪಾಚಿ, ತಳದಲ್ಲಿ ಕೊಳೆತ ನೀರು, ನಡುವಿನದ್ದು ಚೆನ್ನಾಗಿರುತ್ತದೆ. ಮೂರು ಮಟ್ಟದಲ್ಲಿ ಬಾಯಿ ಇದ್ದರೆ ಬೇಕಾದ್ದನ್ನು ತೆಗೆಯಬಹುದು.

ದಾವಣಗೆರೆಯವ, ಈಗ ಕ್ಯಾಲಿಫೋರ್ನಿಯಾ:

ನಾನಿರುವ ಕಾಂಟ್ರಾ ಕೋಸ್ಟಾ ಕೌಂಟಿಯಲ್ಲಿ ಲಾಸ್ ವಕೇರೋಸ್ ಅಂತ ಇಂಥದ್ದೇ ಜಲಾಶಯ ಇದೆ. ನದಿಗೆ ಅಡ್ಡ ಇಲ್ಲ, ಗುಡ್ಡಗಳ ನಡುವೆ. ಡೆಲ್ಟಾದ, ಅಂದರೆ ನದಿಗಳು ಸಮುದ್ರದ ಕಡೆ ಸೇರುವ ತಗ್ಗು ಪ್ರದೇಶದ ನೀರನ್ನು ಪಂಪ್ ಮಾಡಿ ತುಂಬುತ್ತಾರೆ. 1998ರಲ್ಲಿ ಮುಗಿದಾಗ ಸುಮಾರು 4.4 ಟಿಎಂಸಿ ಹಿಡಿಯುತ್ತಿತ್ತು. 2012ರಲ್ಲಿ ಅಣೆಕಟ್ಟು ಎತ್ತರಿಸಿ 7 ಟಿಎಂಸಿ ಹತ್ತಿರ ತಂದರು. ಸಮುದ್ರದ ಉಪ್ಪು ಒಳಗೆ ನುಗ್ಗದ ಕಾಲದಲ್ಲಿ, ನೀರು ಸಿಹಿ ಇರುವಾಗ ತುಂಬಿಕೊಳ್ಳುತ್ತಾರೆ.

ಟೀಚರ್ ಕೇಳುತ್ತಿರುವುದಕ್ಕೆ ಹತ್ತಿರದ್ದು ಅಲ್ಲಿನ ನಿಯಮ. ಡೆಲ್ಟಾದ ಮೀನುಗಳ ರಕ್ಷಣೆಗೆ ವಸಂತದಲ್ಲಿ 75 ದಿನ ಜಲಾಶಯ ತುಂಬಿಸುವಂತಿಲ್ಲ. ಅದರೊಳಗೇ ಸುಮಾರು 30 ದಿನ ಡೆಲ್ಟಾದಿಂದ ನೀರು ಎತ್ತುವಂತೆಯೇ ಇಲ್ಲ. ಆ ದಿನಗಳಲ್ಲಿ ಜನರಿಗೆ ಜಲಾಶಯದ ನೀರೇ. ಇದು ಅನುಮತಿಯ ಷರತ್ತು, ಅಧಿಕಾರಿಗಳ ಮರ್ಜಿ ಅಲ್ಲ. ಮರಿ ಮೀನು ಪಂಪಿಗೆ ಸಿಗದ ಹಾಗೆ ನೀರೆತ್ತುವ ಕಡೆ ಜಾಲರಿಯೂ ಇದೆ.

ಹರಿಗೋಲು:

ನಮ್ಮ ಮನೆಯವರು ಮೀನು ಹಿಡಿದೇ ಬದುಕಿದವರು. ಒಂದೇ ಬೇಡಿಕೆ. ಮೊದಲ ಹೊಸ ನೀರು ಬಂದ ದಿನಗಳಲ್ಲಿ ಎತ್ತಬೇಡಿ. ಮೀನು ಮೊಟ್ಟೆ ಇಡಲು ಮೇಲಕ್ಕೆ ಏರುವುದು ಆಗಲೇ. ಆ ನೀರು ದಂಡೆಯ ಕಸವನ್ನೆಲ್ಲ ಹೊತ್ತು ತರುತ್ತದೆ, ಊರಿಗೂ ಒಳ್ಳೆಯದಲ್ಲ. ಎರಡು ವಾರ ಬಿಟ್ಟು ಶುರು ಮಾಡಿ. ಎತ್ತುವ ಬಾಯನ್ನು ಮಡುವಿನೊಳಗೆ ಇಡಬೇಡಿ, ಹರಿಯುವ ಕಡೆ ಇಡಿ.

ಹೊಳೆದಂಡೆ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಹರಿಗೋಲು ಅವರ ಮಾತನ್ನು ಮನವಿಯ ಮೊದಲ ಪುಟದಲ್ಲೇ ಹಾಕುತ್ತೇನೆ. ಸರ್, ಒಂದು ಭಯ ಉಳಿದಿದೆ. ಮಳೆ ಕೈಕೊಟ್ಟು ಡ್ಯಾಮೇ ತುಂಬದ ವರ್ಷ ಕೆರೆಯೂ ಅರ್ಧಕ್ಕೆ ನಿಲ್ಲುತ್ತದೆ. ಆಗ ಎಲ್ಲರೂ ಮತ್ತೆ ಮಡುವಿನ ಕಡೆಗೇ ನೋಡುವುದಿಲ್ಲವೇ?

ನಿವೃತ್ತ ಇಂಜಿನಿಯರ್, ಬಳ್ಳಾರಿ:

ನೋಡುತ್ತಾರೆ. ಅದಕ್ಕೇ ಬರದ ವರ್ಷದ ನಿಯಮವನ್ನು ಒಳ್ಳೆ ವರ್ಷದಲ್ಲೇ ಬರೆಸಬೇಕು. ಡ್ಯಾಮಿನ ಹೂಳು ಮರೆಯಬೇಡಿ. 133 ಟಿಎಂಸಿಗೆ ಕಟ್ಟಿದ್ದು ಈಗ 105ರ ಆಸುಪಾಸಿನಲ್ಲಿದೆ, ಇಂಥ ವರ್ಷಗಳು ಬಂದೇ ಬರುತ್ತವೆ. ನವೆಂಬರ್ ಕೊನೆಗೆ ಕೆರೆಯ ಮಟ್ಟ ನೋಡಿ. ಅರ್ಧವೇ ಇದ್ದರೆ ಡಿಸೆಂಬರಿನಿಂದಲೇ ತಲೆಗೆ 135 ಬದಲು 70 ಲೀಟರ್, ತೊಳೆಯಲು ಬಳಸಲು ಬೋರ್‌ವೆಲ್. ಏಪ್ರಿಲ್‌ವರೆಗೆ ಕಾದರೆ ಉಳಿಸಲು ಏನೂ ಇರುವುದಿಲ್ಲ. ಜಾಕ್‌ವೆಲ್ ಹತ್ತಿರ ಅಳತೆ ಪಟ್ಟಿ ನೆಡಿಸಿ. ಬಂದ್ ಮಾಡುವ ಮಟ್ಟಕ್ಕೆ ಕೆಂಪು ಬಣ್ಣ ಬಳಿಸಿ, ದಂಡೆ ಮೇಲೆ ನಿಂತ ಯಾರಿಗಾದರೂ ಕಾಣಬೇಕು. ದಿನದ ಮಟ್ಟ ಬರೆದಿಡುವ ಕೆಲಸವನ್ನು ನಿಮ್ಮ ಶಾಲೆಯ ಮಕ್ಕಳಿಗೆ ಕೊಡಿಸಿ. ಮನವಿಯ ಕರಡು ಇಲ್ಲಿ ಹಾಕಿ, ಅಂಕಿಗಳನ್ನು ನಾನು ನೋಡಿಕೊಡುತ್ತೇನೆ.